ಹಾಸನದಲ್ಲಿ ‘ಹಳೇ ಬಸ್‌ಸ್ಟ್ಯಾಂಡ್’ ಅಂದರೆ ಯಾವುದು? ಅವ್ವನಿಗೆ ಚೀಟಿ ಬರೆದು ಕೊಡಬೇಕು

ಏಲಕ್ಕಿ ಹಾರ:
ಎಲ್ಲರಿಗೂ ನಮಸ್ಕಾರ ರೀ. ನಾನು ಹಾವೇರಿಯವಳು. ಕೆಲಸಕ್ಕೆಂದು ಹಾಸನಕ್ಕೆ ಬಂದು ಎರಡು ತಿಂಗಳಾಯಿತು. ಸಾಲಗಾಮೆ ರಸ್ತೆಯಲ್ಲಿ ರೂಮು ಮಾಡಿದ್ದೇನೆ.

ಬಂದ ಮೊದಲ ವಾರ ಜೊತೆಯಲ್ಲಿ ಕೆಲಸ ಮಾಡುವವರು ‘ಹಳೇ ಬಸ್‌ಸ್ಟ್ಯಾಂಡ್‌ಗೆ ಬನ್ನಿ, ಅಲ್ಲಿಂದ ಒಟ್ಟಿಗೆ ಹೋಗೋಣ’ ಅಂದರು. ನಾನು ಫೋನಿನಲ್ಲಿ ಬಸ್ ನಿಲ್ದಾಣ ಅಂತ ಹುಡುಕಿದೆ. ಅದು ತೋರಿಸಿದ ಕಡೆ ಹೋಗಿ ಮುಕ್ಕಾಲು ಗಂಟೆ ನಿಂತೆ. ಆಮೇಲೆ ಗೊತ್ತಾಯಿತು, ನಾನು ನಿಂತಿದ್ದು ಹೊಸ ಬಸ್‌ಸ್ಟ್ಯಾಂಡ್. ಹಳೇದು ಪೇಟೆ ಒಳಗೆ ಇದೆಯಂತೆ. ಅಲ್ಲಿಗೆ ಹೋದರೆ ‘ಹಳೇ’ ಅಂತ ಎಲ್ಲೂ ಬರೆದಿಲ್ಲ!

ನನ್ನದು ಹೇಗೋ ಆಯಿತು. ಈಗ ನಮ್ಮ ಅವ್ವ ಮತ್ತು ಚಿಗವ್ವ ಹಾಸನಾಂಬೆ ದರ್ಶನಕ್ಕೆ ಬರುತ್ತಿದ್ದಾರೆ. ನನಗೆ ಮಧ್ಯಾಹ್ನದ ತನಕ ರಜೆ ಸಿಗುವುದಿಲ್ಲ. ಅವ್ವನ ಹತ್ತಿರ ಬಟನ್ ಫೋನು ಇದೆ, ಮ್ಯಾಪ್ ಇಲ್ಲ. ಕನ್ನಡ ಚೆನ್ನಾಗಿ ಓದುತ್ತಾಳೆ. ಎಲ್ಲಿ ಇಳಿಯಬೇಕು, ಯಾರನ್ನು ಏನೆಂದು ಕೇಳಬೇಕು, ನಾನು ಬರುವ ತನಕ ಎಲ್ಲಿ ಕೂರಬೇಕು, ಇದಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಬೇಕು. ಊರಿನವರು ಬಾಯಲ್ಲಿ ಏನು ಹೇಳುತ್ತೀರಿ, ಬೋರ್ಡಿನಲ್ಲಿ ಏನಿದೆ, ಎರಡನ್ನೂ ತಿಳಿಸಿ.

ಎನ್.ಆರ್. ಸರ್ಕಲ್ ಸಂಜೆ:
ಹಳೇ ಬಸ್‌ಸ್ಟ್ಯಾಂಡ್, ಸಿಟಿ ಬಸ್‌ಸ್ಟ್ಯಾಂಡ್, ನಗರ ಬಸ್ ನಿಲ್ದಾಣ. ಮೂರೂ ಒಂದೇ. ಎನ್.ಆರ್. ಸರ್ಕಲ್ ಹತ್ತಿರ.

ಪೆನ್ಷನ್ ಮೊಹಲ್ಲಾ:
ಮೇಡಂ, ನಿಮ್ಮ ತಪ್ಪಲ್ಲ. ಒಂದು ಕಾಲದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಎಲ್ಲ ಬಸ್ಸೂ ಪೇಟೆ ಒಳಗಿನ ನಿಲ್ದಾಣಕ್ಕೇ ಬರುತ್ತಿದ್ದವು. ದೂರದ ಬಸ್ಸುಗಳು ಹೊಸ ನಿಲ್ದಾಣಕ್ಕೆ ಹೋದ ಮೇಲೆ ಇದು ಸಿಟಿ ಬಸ್ಸಿನ ಜಾಗವಾಯಿತು. ಬೋರ್ಡು ಬದಲಾಯಿತು, ನಮ್ಮ ಬಾಯಿ ಬದಲಾಗಲಿಲ್ಲ. ನನ್ನ ಮಗಳಿಗೆ ಈಗ ಹತ್ತು ವರ್ಷ. ಅವಳೂ ‘ಹಳೇ ಬಸ್‌ಸ್ಟ್ಯಾಂಡ್’ ಅಂತಲೇ ಹೇಳುತ್ತಾಳೆ. ಅಲ್ಲಿಂದ ದೂರದ ಬಸ್ಸು ಹೊರಡುತ್ತಿದ್ದುದನ್ನು ಅವಳು ನೋಡಿಯೇ ಇಲ್ಲ.

ಮ್ಯಾಪ್ ನೋಡಿ ಹೋಗೋಣ:
ಇದಕ್ಕೇ ನಾನು ಹೇಳುವುದು, ಬೋರ್ಡಿನಲ್ಲಿ ಇರುವ ಹೆಸರನ್ನೇ ಎಲ್ಲರೂ ಬಳಸಬೇಕು ಅಂತ. ಚೀಟಿಯಲ್ಲಿ ‘ನಗರ ಬಸ್ ನಿಲ್ದಾಣ’ ಅಂತ ಮಾತ್ರ ಬರೆಯಿರಿ. ಹಳೇದು ಹೊಸದು ಅಂತ ಬರೆದರೆ ಹೊಸಬರಿಗೆ ಗೊಂದಲ ಜಾಸ್ತಿ.

ಹೊಸಲೈನ್ ಅಕ್ಕ:
ಮ್ಯಾಪ್ ತಮ್ಮ, ನೀನು ಒಂದು ದಿನ ಸಂತೆಪೇಟೆಯಲ್ಲಿ ನಿಂತು ಸೊಪ್ಪು ಮಾರುವ ಅಜ್ಜಿಯನ್ನು ‘ನಗರ ಬಸ್ ನಿಲ್ದಾಣ ಎಲ್ಲಿ’ ಅಂತ ಕೇಳು. ಅವರು ‘ಯಾವುದಪ್ಪಾ, ಹೊಸದೋ ಹಳೇದೋ’ ಅಂತ ತಿರುಗಿ ನಿನ್ನನ್ನೇ ಕೇಳುತ್ತಾರೆ. ದಾರಿ ಹೇಳುವವರು ಬೋರ್ಡ್ ಓದಿ ಹೇಳುವುದಿಲ್ಲ. ಚೀಟಿಯಲ್ಲಿ ಎರಡೂ ಹೆಸರು ಇರಲಿ. ಅವ್ವ ಬೋರ್ಡ್ ಓದುವುದಕ್ಕೆ ಒಂದು, ಜನರನ್ನು ಕೇಳುವುದಕ್ಕೆ ಇನ್ನೊಂದು.

ಮ್ಯಾಪ್ ನೋಡಿ ಹೋಗೋಣ:
ಸರಿ ಅಕ್ಕ, ಅವ್ವನ ಚೀಟಿಗೆ ಎರಡೂ ಇರಲಿ. ಆದರೆ ನಾವು ಸ್ಥಳೀಯರು ಹೊಸಬರಿಗೆ ಫೋನಿನಲ್ಲಿ ದಾರಿ ಹೇಳುವಾಗ ಬೋರ್ಡಿನ ಹೆಸರನ್ನೂ ಸೇರಿಸಿ ಹೇಳಬೇಕು ಅಲ್ವಾ? ಇವರು ಮುಕ್ಕಾಲು ಗಂಟೆ ನಿಂತದ್ದು ಅದು ಇಲ್ಲದ್ದಕ್ಕೇ.

ಹೊಸಲೈನ್ ಅಕ್ಕ:
ಅದು ಒಪ್ಪಿದೆ.

ನಿವೃತ್ತ ಕಂಡಕ್ಟರ್:
ತಾಯಿ, ನಾನು ಇದೇ ಜಿಲ್ಲೆಯ ರಸ್ತೆಗಳಲ್ಲಿ ಟಿಕೆಟ್ ಹರಿದು ನಿವೃತ್ತನಾದವನು. ನಿನ್ನ ಪ್ರಶ್ನೆ ಓದಿ ಸುಮ್ನೆ ಕೂರಲು ಆಗಲಿಲ್ಲ. ಮೊದಲು ಅವರು ಹೇಗೆ ಬರುತ್ತಾರೆ ಹೇಳಮ್ಮ. ಹಾವೇರಿಯಿಂದ ಎರಡು ದಾರಿ ಇದೆ.

ಒಂದು, ಧಾರವಾಡ-ಮೈಸೂರು ರಾತ್ರಿ ರೈಲು. ಅದು ಹಾವೇರಿ, ಅರಸೀಕೆರೆ ಮೇಲೆ ಹಾಸನಕ್ಕೇ ಬರುತ್ತದೆ. ಎಲ್ಲೂ ರೈಲು ಬದಲಾಯಿಸಬೇಕಾಗಿಲ್ಲ. ಆದರೆ ಹಾಸನ ಮುಟ್ಟುವಾಗ ಇನ್ನೂ ಕತ್ತಲು. ಎರಡು, ಬೆಂಗಳೂರಿಗೆ ಹೋಗುವ ಹಗಲಿನ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿಯುವುದು. ಅಲ್ಲಿಂದ ಹಾಸನ ಸುಮಾರು 45 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ.

ಇಬ್ಬರೂ ಹೆಂಗಸರು, ಊರು ಹೊಸದು. ನನ್ನ ಮಾತು ಕೇಳಿದರೆ ಹಗಲಿನ ದಾರಿಯೇ ಸರಿ. ಬಸ್ಸು ಹಾಸನದ ಹೊಸ ಬಸ್‌ಸ್ಟ್ಯಾಂಡಿನ ಒಳಗೇ ಬಂದು ನಿಲ್ಲುತ್ತದೆ. ಕಂಡಕ್ಟರ್‌ಗೆ ಹತ್ತುವಾಗಲೇ ‘ಹಾಸನ ಹೊಸ ಬಸ್‌ಸ್ಟ್ಯಾಂಡ್’ ಅಂತ ಹೇಳಲಿ. ಸುಮ್ನೆ ‘ಹಾಸನ’ ಅಂದರೆ ದಾರಿಯಲ್ಲಿ ಯಾವುದೋ ಸರ್ಕಲ್ಲಿನಲ್ಲಿ ನಾಲ್ಕು ಜನ ಇಳಿಯುವುದನ್ನು ನೋಡಿ ಇವರೂ ಇಳಿದುಬಿಡುತ್ತಾರೆ. ನನ್ನ ಕಾಲದಲ್ಲಿ ಇದು ವಾರಕ್ಕೆ ಒಂದು ಸಲವಾದರೂ ಆಗುತ್ತಿತ್ತು.

ಆಧಾರ್ ಕಾರ್ಡ್ ಮೇಲೇ ಇಟ್ಟುಕೊಳ್ಳಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಕೆಂಪು ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಆದರೂ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ.

ಅರಸೀಕೆರೆ ತೆಂಗು:
ಕಂಡಕ್ಟರ್ ಸರ್ ಹೇಳಿದ್ದು ಸರಿ. ನಮ್ಮೂರಿನಲ್ಲಿ ರೈಲ್ವೆ ಸ್ಟೇಷನ್ನಿಗೂ ಬಸ್‌ಸ್ಟ್ಯಾಂಡಿಗೂ ದೂರ ಇಲ್ಲ. ರೈಲು ಇಳಿದ ಜನ ಹಾಸನದ ಬಸ್ಸಿಗೆ ಗುಂಪಾಗಿ ನಡೆಯುತ್ತಿರುತ್ತಾರೆ, ಅವರ ಹಿಂದೆ ಹೋದರೆ ಸಾಕು.

ಏಲಕ್ಕಿ ಹಾರ:
ಕಂಡಕ್ಟರ್ ಕಾಕಾ, ತುಂಬಾ ಧನ್ಯವಾದ. ನಾನು ರಾತ್ರಿ ರೈಲಿಗೇ ಬರಲಿ ಅಂದುಕೊಂಡಿದ್ದೆ. ಕತ್ತಲಲ್ಲಿ ಬೇಡ, ಹಗಲಿನದೇ ಆಗಲಿ. ಈಗ ಹೊಸ ಬಸ್‌ಸ್ಟ್ಯಾಂಡಿನಿಂದ ಮುಂದಕ್ಕೆ ಹೇಳಿ. ನಾನು ಒಂದೂವರೆಗೆ ಹೊರಬೀಳುತ್ತೇನೆ.

ಸಕಲೇಶಪುರ ಮಂಜು:
ಚೀಟಿಯಲ್ಲಿ ದಯವಿಟ್ಟು ‘ಚನ್ನಪಟ್ಟಣ’ ಅನ್ನುವ ಪದ ಮಾತ್ರ ಬರೆಯಬೇಡಿ. ಹೊಸ ಬಸ್‌ಸ್ಟ್ಯಾಂಡ್ ಇರುವ ಕಡೆಗೆ ಚನ್ನಪಟ್ಟಣ ಅಂತಲೇ ಹೆಸರು, ಪಕ್ಕದಲ್ಲಿ ಚನ್ನಪಟ್ಟಣ ಕೆರೆ ಇದೆ. ನಮ್ಮ ಮಾವನ ಮಗಳ ಗೃಹಪ್ರವೇಶ ಆ ಕಡೆಯೇ ಇತ್ತು. ಬೆಂಗಳೂರಿನಿಂದ ಬರುವ ನೆಂಟರಿಗೆ ಫೋನಿನಲ್ಲಿ ‘ಚನ್ನಪಟ್ಟಣದಲ್ಲಿ ಇಳಿಯಿರಿ’ ಅಂದೆವು. ಒಂದು ಕುಟುಂಬ ಚನ್ನರಾಯಪಟ್ಟಣದಲ್ಲಿ ಇಳಿದುಬಿಟ್ಟಿತು. ಹಾಸನಕ್ಕಿಂತ ಸುಮಾರು 37 ಕಿಲೋಮೀಟರ್ ಹಿಂದೆ! ಮತ್ತೊಬ್ಬರು ಫೋನ್ ಮಾಡಿ ‘ಬೊಂಬೆ ಮಾಡುವ ಚನ್ನಪಟ್ಟಣದಲ್ಲಾ ಮನೆ ಕಟ್ಟಿಸಿರೋದು’ ಅಂತ ಕೇಳಿದರು. ಊಟದ ಹೊತ್ತಿಗೆ ಬರಬೇಕಾದವರು ಸಂಜೆ ಕಾಫಿಗೆ ಬಂದರು. ಅತ್ತೆಗೆ ಇನ್ನೂ ಆ ಬೇಜಾರು ಹೋಗಿಲ್ಲ.

ಗೊರೂರು ಗಾಳಿ:
ಬಸ್ಸಿನ ಬೋರ್ಡುಗಳೂ ಹಾಗೇ. ಸಿ.ಆರ್. ಪಟ್ಟಣ ಅಂದರೆ ಚನ್ನರಾಯಪಟ್ಟಣ, ಎಚ್.ಎನ್. ಪುರ ಅಂದರೆ ಹೊಳೆನರಸೀಪುರ. ಜಿಲ್ಲೆಯವರಿಗೆ ಗೊತ್ತು, ಹೊರಗಿನವರಿಗೆ ಹೇಗೆ ತಿಳಿಯಬೇಕು?

ಆಲೂರು ಕಾಫಿ:
ಎನ್.ಆರ್. ಅಂದರೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ನರಸಿಂಹರಾಜ ವೃತ್ತ. ಮೈಸೂರಿನ ಎನ್.ಆರ್. ಮೊಹಲ್ಲಾದ ಹೆಸರೂ ಅದೇ. ಇನ್ನು ಬಿ.ಎಂ. ರಸ್ತೆ ಯಾರೋ ದೊಡ್ಡ ಮನುಷ್ಯರ ಹೆಸರು ಅಂತ ನಾನು ಕಾಲೇಜು ಮುಗಿಯುವ ತನಕ ನಂಬಿದ್ದೆ. ಅದು ಬೆಂಗಳೂರು-ಮಂಗಳೂರು ರಸ್ತೆ ಅಷ್ಟೇ.

ಎನ್.ಆರ್. ಸರ್ಕಲ್ ಸಂಜೆ:
ಹೌದು. ಹೆದ್ದಾರಿಗೆ ಆಗ 48 ಅಂತ ನಂಬರ್ ಇತ್ತು, ಈಗ 75. ಹಳಬರು ಇನ್ನೂ 48 ಅಂತಲೇ ಹೇಳುತ್ತಾರೆ.

ಮೂರು ಗಾಲಿ:
ನಾನು ಹಾಸನದಲ್ಲಿ ಆಟೋ ಓಡಿಸುತ್ತೇನೆ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ.

ಅಂಗಡಿ ಹೆಸರು, ಬೇಕರಿ ಹೆಸರು ಬರೆಯಬೇಡಿ ಅಕ್ಕ. ಅಂಗಡಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ‘ಆ ಬಟ್ಟೆ ಅಂಗಡಿ ಪಕ್ಕ’ ಅಂತಾರೆ, ಹೋಗಿ ನೋಡಿದರೆ ಅಲ್ಲಿ ಮೊಬೈಲ್ ಅಂಗಡಿ ಇರುತ್ತದೆ. ಬದಲಾಗದೇ ಇರುವುದನ್ನು ಹಿಡಿಯಿರಿ. ಸರ್ಕಲ್, ಪ್ರತಿಮೆ, ದೇವಸ್ಥಾನ, ದೊಡ್ಡಾಸ್ಪತ್ರೆ, ಪಾರ್ಕು. ಇವನ್ನು ಹೇಳಿದರೆ ನಾವು ಇನ್ನೊಂದು ಮಾತು ಕೇಳುವುದಿಲ್ಲ.

ಇನ್ನೊಂದು. ‘ಬಲಕ್ಕೆ ತಿರುಗಿ’ ಅಂತ ಬರೆಯುವುದಾದರೆ ಯಾವ ಕಡೆ ಮುಖ ಮಾಡಿ ನಿಂತಾಗ ಬಲಕ್ಕೆ ಅಂತಲೂ ಬರೆಯಿರಿ. ಬಸ್‌ಸ್ಟ್ಯಾಂಡಿಗೆ ಬೆನ್ನು ಮಾಡಿದರೆ ಒಂದು ಬಲ, ಮುಖ ಮಾಡಿದರೆ ಇನ್ನೊಂದು ಬಲ. ಜನ ತಪ್ಪುವುದೇ ಇಲ್ಲಿ.

ಆಟೋ ಹತ್ತುವ ಮುಂಚೆ ಎಷ್ಟು ಅಂತ ಕೇಳಲಿ. ಸಂಕೋಚ ಬೇಡ. ಹಾಸನಾಂಬೆ ಸಮಯದಲ್ಲಿ ಅರ್ಧ ದಾರಿ ಮುಚ್ಚಿರುತ್ತಾರೆ, ಸುತ್ತಿಕೊಂಡು ಹೋಗಬೇಕಾಗುತ್ತದೆ. ಆಗ ದುಡ್ಡು ಜಾಸ್ತಿ ಆದರೆ ನಮ್ಮ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಪೆನ್ಷನ್ ಮೊಹಲ್ಲಾ:
ಹಬ್ಬದ ಸಮಯ ಅಂತ ಹೇಳಿ ಮಾಮೂಲಿಗಿಂತ ಎರಡು ಪಟ್ಟು ಕೇಳುವವರೂ ಇದ್ದಾರೆ. ಅದನ್ನೂ ಹೇಳಬೇಕಲ್ಲ.

ಮೂರು ಗಾಲಿ:
ಇದ್ದಾರೆ ಸರ್, ಇಲ್ಲ ಅನ್ನುವುದಿಲ್ಲ. ಅದಕ್ಕೇ ಮೊದಲೇ ಕೇಳಿ ಅಂದೆ. ಒಬ್ಬರು ಜಾಸ್ತಿ ಹೇಳಿದರೆ ಹಿಂದಿನ ಆಟೋದವರನ್ನು ಕೇಳಲಿ. ಇಲ್ಲವೇ ಹೊಸ ಬಸ್‌ಸ್ಟ್ಯಾಂಡಿನಿಂದ ಸಿಟಿ ಬಸ್ಸೇ ಹತ್ತಲಿ, ಹಳೇ ಬಸ್‌ಸ್ಟ್ಯಾಂಡಿಗೆ ತಂದು ಬಿಡುತ್ತದೆ.

ಹೊಸಲೈನ್ ಅಕ್ಕ:
ಭೇಟಿ ಆಗುವ ಜಾಗ ದೇವಸ್ಥಾನದ ಹತ್ತಿರ ಇಟ್ಟುಕೊಳ್ಳಲೇಬೇಡಮ್ಮ. ನನ್ನ ಮನೆ ಅದೇ ಸುತ್ತಿನಲ್ಲಿ, ಪ್ರತಿ ವರ್ಷ ನೋಡುತ್ತೇನೆ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಆಗುವ ತನಕ ನಮ್ಮ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಾಲು ಎಲ್ಲಿ ಶುರು, ಎಲ್ಲಿ ಕೊನೆ ಅಂತ ನಮಗೇ ತಿಳಿಯುವುದಿಲ್ಲ. ಕಳೆದ ಸಲ ಒಬ್ಬ ಅಜ್ಜಿ ‘ದೇವಸ್ಥಾನದ ಮುಂದೆ ಸಿಗ್ತೀನಿ ಅಂದಿದ್ದ ಮಗ’ ಅಂತ ಅಳುತ್ತಾ ನಿಂತಿದ್ದರು. ದೇವಸ್ಥಾನದ ಮುಂದೆ ಎಂದರೆ ಅಲ್ಲಿ ಸಾವಿರಾರು ಜನ. ಅವರನ್ನು ಮನೆಗೆ ಕರೆದು ನೀರು ಕೊಟ್ಟು, ಮಗನ ನಂಬರ್ ಹುಡುಕಿ ಕರೆಸುವಷ್ಟರಲ್ಲಿ ಸಂಜೆಯಾಯಿತು.

ಏಲಕ್ಕಿ ಹಾರ:
ಅಯ್ಯೋ. ಅಕ್ಕಾ, ಹಾಗಾದರೆ ಎಲ್ಲಿ ಕೂರಿಸಲಿ?

ಎನ್.ಆರ್. ಸರ್ಕಲ್ ಸಂಜೆ:
ಹೇಮಾವತಿ ಪ್ರತಿಮೆ. ಹಾಸನದಲ್ಲಿ ಅದಕ್ಕಿಂತ ಗುರುತಿನ ಜಾಗ ಇಲ್ಲ. ಮೆರವಣಿಗೆ, ಪ್ರತಿಭಟನೆ ಹೊರಡುವುದೇ ಅಲ್ಲಿಂದ.

ಗೊರೂರು ಗಾಳಿ:
ಪ್ರತಿಮೆಗೆ ನನ್ನ ಮತವೂ ಇದೆ. ಬೋರ್ಡ್ ಓದದಿದ್ದರೂ ಕಣ್ಣಿಗೆ ಕಾಣುತ್ತದೆ. ಆದರೆ ಒಂದು ಹೇಳಿ, ಹೇಮಾವತಿ ಹೊಳೆ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಅಣೆಕಟ್ಟು ನಮ್ಮ ಗೊರೂರಿನಲ್ಲಿ, ಹಾಸನ ಪೇಟೆಯಲ್ಲಿ ಹೊಳೆಯೇ ಇಲ್ಲ. ಪ್ರತಿಮೆ ಮಾತ್ರ ಅಲ್ಲಿದೆ. ನಮ್ಮೂರಿಗೆ ಬರಬೇಕಿತ್ತು ಅದು.

ಆಲೂರು ಕಾಫಿ:
ಹಾಸನ ಜಿಲ್ಲೆಯ ಹೊಲಗಳಿಗೆ ನೀರು ಆ ಹೊಳೆಯಿಂದಲೇ ಅಲ್ಲವೇ? ಜಿಲ್ಲಾ ಕೇಂದ್ರದಲ್ಲಿ ಇಟ್ಟರೆ ತಪ್ಪೇನು? ಹಾಗೆ ನೋಡಿದರೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೆರೆ ಎಲ್ಲಿದೆ?

ಪೆನ್ಷನ್ ಮೊಹಲ್ಲಾ:
ಹೆಸರಿನಲ್ಲಿ ಮಾತ್ರ ಉಳಿದಿದೆ. ನನಗಂತೂ ಇದು ಬೇಜಾರಿನ ವಿಷಯ. ಹೂವು, ತರಕಾರಿ ತರಲು ವಾರಕ್ಕೆ ಎರಡು ಸಲ ಕಟ್ಟಿನಕೆರೆಗೆ ಹೋಗುತ್ತೇನೆ. ಹೋದಾಗೆಲ್ಲ ಅನ್ನಿಸುತ್ತದೆ, ಈ ಹೆಸರನ್ನಾದರೂ ಯಾರೂ ಬದಲಾಯಿಸದಿರಲಿ. ಮುಂದಿನವರಿಗೆ ಊರು ಹೇಗಿತ್ತು ಅಂತ ತಿಳಿಯಲು ಇಂಥ ಹೆಸರುಗಳೇ ಬೇಕು. ಹುಣಸಿನಕೆರೆ, ಸತ್ಯಮಂಗಲ ಕೆರೆ, ದೇವಿಗೆರೆ, ಎಷ್ಟೊಂದು ಕೆರೆಗಳ ಹೆಸರಿವೆ ನಮ್ಮೂರಿನಲ್ಲಿ!

ಹೊಸಲೈನ್ ಅಕ್ಕ:
ದೇವಿಗೆರೆ ಅಂದಿರಿ, ಅದರ ಕಥೆ ಅವ್ವನಿಗೆ ಹೇಳು ಮಗಳೇ, ಖುಷಿಪಡುತ್ತಾರೆ. ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬಂದರಂತೆ. ಅವರಲ್ಲಿ ವೈಷ್ಣವಿ, ಮಾಹೇಶ್ವರಿ, ಕೌಮಾರಿ ಮೂವರು ಹುತ್ತದಲ್ಲಿ ನೆಲೆಸಿದರು, ಅದೇ ಹಾಸನಾಂಬೆ. ಚಾಮುಂಡಿ, ವಾರಾಹಿ, ಇಂದ್ರಾಣಿ ದೇವಿಗೆರೆಯಲ್ಲಿ. ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಯಲ್ಲಿ. ಅದು ಆಲೂರು ತಾಲ್ಲೂಕು.

ಮ್ಯಾಪ್ ನೋಡಿ ಹೋಗೋಣ:
ಹಾಗಾದರೆ ಒಳಗೆ ಕಲ್ಲಿನ ವಿಗ್ರಹ ಇರುತ್ತದೆ ಅಂದುಕೊಂಡಿದ್ದೆನಲ್ಲ ನಾನು?

ಹೊಸಲೈನ್ ಅಕ್ಕ:
ಕೆತ್ತಿದ ವಿಗ್ರಹ ಅಲ್ಲಪ್ಪ, ಹುತ್ತದ ರೂಪ. ಅಲಂಕಾರ ಮಾಡಿರುತ್ತಾರೆ. ಒಮ್ಮೆ ಬಾ, ನೋಡು.

ಮೂರು ಗಾಲಿ:
ಎಲ್ಲರೂ ಕ್ಷಮಿಸಿ, ಆ ಅಕ್ಕನ ಚೀಟಿ ಇನ್ನೂ ಆಗಿಲ್ಲ.

ನಿವೃತ್ತ ಕಂಡಕ್ಟರ್:
ಚೀಟಿ ನಾನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಬೇಡ ತಾಯಿ. ಒಂದು ಚೀಟಿಗೆ ಒಂದೇ ಜಾಗ. ದಪ್ಪ ಅಕ್ಷರ. ಮೊದಲ ಚೀಟಿ ಅರಸೀಕೆರೆಯಲ್ಲಿ ಬಸ್ ಹತ್ತುವಾಗ ತೆಗೆಯುವುದು: ‘ನಾವು ಹಾಸನ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕು.’ ಅದನ್ನು ಕಂಡಕ್ಟರ್ ಕೈಗೇ ಕೊಡಲಿ. ಗಲಾಟೆಯಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ಬರೆದದ್ದು ನೋಡಿದರೆ ಯಾವ ಕಂಡಕ್ಟರೂ ಮರೆಯುವುದಿಲ್ಲ. ನಾನು ಅಂಥ ಚೀಟಿಗಳನ್ನು ಟಿಕೆಟ್ ಪುಸ್ತಕದ ಜೊತೆಯೇ ಸಿಕ್ಕಿಸಿಕೊಳ್ಳುತ್ತಿದ್ದೆ.

ಎರಡನೇ ಚೀಟಿ ಹೊಸ ಬಸ್‌ಸ್ಟ್ಯಾಂಡಿನಲ್ಲಿ ತೆಗೆಯುವುದು: ‘ನಾವು ಹೇಮಾವತಿ ಪ್ರತಿಮೆಗೆ ಹೋಗಬೇಕು. ಹಳೇ ಬಸ್‌ಸ್ಟ್ಯಾಂಡ್, ನಗರ ಬಸ್ ನಿಲ್ದಾಣ, ಎನ್.ಆರ್. ಸರ್ಕಲ್ ಕಡೆ.’ ಮೂರೂ ಹೆಸರಿರಲಿ. ಕೇಳಿದವರಿಗೆ ಯಾವುದಾದರೂ ಒಂದು ಗೊತ್ತಿರುತ್ತದೆ.

ಎರಡೂ ಚೀಟಿಯ ಕೆಳಗೆ ನಿನ್ನ ಫೋನ್ ನಂಬರ್ ಬರಿ. ಫೋನಿನ ಬ್ಯಾಟರಿ ಹೋದರೆ ಚೀಟಿ ತೋರಿಸಿ ಯಾರಿಂದಲಾದರೂ ಮಾಡಿಸಬಹುದು.

ಮ್ಯಾಪ್ ನೋಡಿ ಹೋಗೋಣ:
ಸರ್, ಒಂದು ತಿದ್ದುಪಡಿ. ಹಬ್ಬದಲ್ಲಿ ಪ್ರತಿಮೆ ಹತ್ತಿರ ದೀಪಾಲಂಕಾರ, ಜನ, ಪೊಲೀಸ್ ಎಲ್ಲ ಇರುತ್ತದೆ. ಗಂಟೆಗಟ್ಟಲೆ ನಿಲ್ಲುವ ಜಾಗ ಅಲ್ಲ. ಗುರುತಿಗೆ ಪ್ರತಿಮೆ ಇರಲಿ, ಕೂರಲು ಮಹಾರಾಜ ಪಾರ್ಕ್ ಅಂತ ಬರೆಯಿರಿ. ನೆರಳಿದೆ.

ನಿವೃತ್ತ ಕಂಡಕ್ಟರ್:
ಒಳ್ಳೆಯ ಮಾತು ಮಗು. ಹಾಗೇ ಬರೆಯಲಿ.

ಸಕಲೇಶಪುರ ಮಂಜು:
ನನಗೆ ಇದು ಸರಿ ಕಾಣುವುದಿಲ್ಲ. ವಯಸ್ಸಾದವರು ಹೊಸ ಬಸ್‌ಸ್ಟ್ಯಾಂಡಿನಲ್ಲೇ ಕೂತಿರಲಿ, ಮಗಳು ಹೋಗಿ ಕರೆತರಲಿ. ಜನಜಾತ್ರೆಯಲ್ಲಿ ಯಾಕೆ ಓಡಾಡಿಸುತ್ತೀರಿ?

ಏಲಕ್ಕಿ ಹಾರ:
ಮಂಜು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನಮ್ಮ ಅವ್ವ ಇಬ್ಬರು ಗೆಳತಿಯರ ಜೊತೆ ಪಂಢರಪುರಕ್ಕೆ ಹೋಗಿ ಬಂದವಳು. ‘ಬಸ್‌ಸ್ಟ್ಯಾಂಡಿನಲ್ಲಿ ಕೂತಿರು’ ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಊರು ನೋಡಬೇಕು ಅವಳಿಗೆ. ನಾನು ದಾರಿ ಸರಿಯಾಗಿ ಹೇಳಿದರೆ ಸಾಕು, ಅವಳು ನಡೆದುಬಿಡುತ್ತಾಳೆ.

ಸಕಲೇಶಪುರ ಮಂಜು:
ಹಾಗಾದರೆ ಸರಿ. ಪಂಢರಪುರದ ಗದ್ದಲ ಕಂಡವರಿಗೆ ನಮ್ಮ ಎನ್.ಆರ್. ಸರ್ಕಲ್ ಏನೂ ಅಲ್ಲ.

ಅರಸೀಕೆರೆ ತೆಂಗು:
ದರ್ಶನದ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಧರ್ಮದರ್ಶನಕ್ಕೆ ದುಡ್ಡಿಲ್ಲ, ಹೊತ್ತು ಜಾಸ್ತಿ ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ 300 ಮತ್ತು 1000 ರೂಪಾಯಿಯ ಟಿಕೆಟ್ ಸಾಲೂ ಇದೆ. ಭಾನುವಾರ ಮಾತ್ರ ಬೇಡ.

(ನಾಲ್ಕು ದಿನದ ನಂತರ)

ಏಲಕ್ಕಿ ಹಾರ:
ಅವ್ವ, ಚಿಗವ್ವ ಬಂದರು! ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಅರಸೀಕೆರೆಯಲ್ಲಿ ಕಂಡಕ್ಟರ್ ಚೀಟಿ ಓದಿ, ಇಬ್ಬರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದರಂತೆ. ಹೊಸ ಬಸ್‌ಸ್ಟ್ಯಾಂಡ್ ಬಂದಾಗ ‘ಹಾವೇರಿ ಅಮ್ಮ, ಇಳೀರಿ’ ಅಂತ ಕೂಗಿದರಂತೆ. ಅಲ್ಲಿ ಎರಡನೇ ಚೀಟಿಯನ್ನು ಒಬ್ಬ ಕಾಲೇಜು ಹುಡುಗಿಗೆ ತೋರಿಸಿದ್ದಾರೆ. ಆ ಹುಡುಗಿ ಓದಿ ಹೇಳಿದ್ದು ‘ಹಳೇ ಬಸ್‌ಸ್ಟ್ಯಾಂಡಾ, ನಾನೂ ಅಲ್ಲಿಗೇ’ ಅಂತ. ಸಿಟಿ ಬಸ್ಸಿನಲ್ಲಿ ತಾನೇ ಕರೆದುಕೊಂಡು ಹೋಗಿದ್ದಾಳೆ. ಹೊಸಲೈನ್ ಅಕ್ಕ, ನೀವು ಹೇಳಿದ್ದೇ ನಿಜವಾಯಿತು. ಆದರೆ ಬಸ್ಸಿನಿಂದ ಇಳಿದ ಮೇಲೆ ಅವ್ವ ಬೋರ್ಡ್ ನೋಡಿ ‘ನಗರ ಬಸ್ ನಿಲ್ದಾಣ’ ಅಂತ ಓದಿ ಚೀಟಿ ಜೊತೆ ಹೋಲಿಸಿ ನೋಡಿದಳಂತೆ. ಎರಡೂ ಹೆಸರು ಕೆಲಸಕ್ಕೆ ಬಂತು.

ನಾನು ಹೋದಾಗ ಪಾರ್ಕಿನಲ್ಲಿ ಇಬ್ಬರೂ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತಿದ್ದ ಯಾರೋ ಇಬ್ಬರು ಹೆಂಗಸರಿಗೂ ರೊಟ್ಟಿ ಕೊಟ್ಟಿದ್ದರು. ಧರ್ಮದರ್ಶನದ ಸಾಲಿನಲ್ಲೇ ನಿಂತೆವು. ಕಾಲು ನೋವು ಬಂತು, ಆದರೂ ಅವ್ವ ಟಿಕೆಟ್ ಸಾಲಿಗೆ ಒಪ್ಪಲಿಲ್ಲ. ದೇವಿಯನ್ನು ನೋಡಿ ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು.

ಹೊಸಲೈನ್ ಅಕ್ಕ:
ಮನೆ ಹತ್ತಿರವೇ ಬಂದು ಹೋದಿರಾ! ಒಂದು ಮಾತು ಹೇಳಿದ್ದರೆ ಕಾಫಿ ಮಾಡುತ್ತಿದ್ದೆ.

ಮೂರು ಗಾಲಿ:
ಆ ಕಾಲೇಜು ಹುಡುಗಿಗೆ ಒಳ್ಳೆಯದಾಗಲಿ.

ಏಲಕ್ಕಿ ಹಾರ:
ಕಂಡಕ್ಟರ್ ಕಾಕಾ, ಇನ್ನೊಂದು ಕೇಳಲಾ? ನಾಳೆ ನಾನು ಕೆಲಸಕ್ಕೆ ಹೋಗಬೇಕು. ಇವರಿಬ್ಬರೂ ಬೇಲೂರು, ಹಳೇಬೀಡು ನೋಡಬೇಕು ಅನ್ನುತ್ತಿದ್ದಾರೆ. ಬಸ್ಸು ಹಳೇದರಿಂದಲೋ ಹೊಸದರಿಂದಲೋ?

ನಿವೃತ್ತ ಕಂಡಕ್ಟರ್:
ಹೊಸದರಿಂದ ತಾಯಿ. ಮೊದಲು ಬೇಲೂರಿಗೆ ಹೋಗಲಿ, ಸುಮಾರು 38 ಕಿಲೋಮೀಟರ್. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ, ಅದಕ್ಕೆ ಬೆಳಗ್ಗೆ ಬೇಗ ಹೊರಡಲಿ. ಬೇಲೂರಿನಿಂದ ಹಳೇಬೀಡು 16 ಕಿಲೋಮೀಟರ್. ಅಲ್ಲಿಂದ ವಾಪಸ್ ಬೇಲೂರಿಗೆ ಬರುವ ಅಗತ್ಯವಿಲ್ಲ, ನೇರ ಹಾಸನಕ್ಕೇ ಬಸ್ಸಿದೆ. ಹಳೇಬೀಡಿನಲ್ಲಿ ಇಳಿದ ಕೂಡಲೇ, ದೇವಸ್ಥಾನಕ್ಕೆ ಹೋಗುವ ಮುಂಚೆಯೇ, ಹಾಸನದ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಲಿ. ಸಂಜೆ ಮೇಲೆ ಬಸ್ಸು ಕಡಿಮೆ.